ಕೊಕ್ಕೆಯ ಕೃತಕ ಕೈ: ವಿಜಯಪುರದ ಖಾನಾವಳಿಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಮೊಣಕೈ ಕೆಳಗೆ ಕೈ ಕಳೆದುಕೊಂಡವರು ಕೃತಕ ಕೈ ಆರಿಸಲು ಹೋದಾಗ ಮೊದಲು ನೋಡುವುದು ಬೆರಳುಗಳನ್ನು. ನಾನು ನೋಡಿರಿ ಎನ್ನುವುದು ಸಾಕೆಟ್ಟನ್ನು, ಅಂದರೆ ಉಳಿದ ಕೈ ಒಳಗೆ ಕೂರುವ ಗಟ್ಟಿ ಕವಚವನ್ನು. ಅದು ಸರಿಯಾಗಿ ಕೂಡದಿದ್ದರೆ ತುದಿಗೆ ಎಂಥ ಕೈ ಜೋಡಿಸಿದರೂ ಅದು ಗೂಟಕ್ಕೆ ನೇತುಹಾಕುವ ವಸ್ತುವಾಗುತ್ತದೆ.

ನನ್ನ ಎಡಗೈಗೆ ಇರುವುದು ಬ್ಯಾಟರಿ ಇಲ್ಲದ, ಉಕ್ಕಿನ ಎರಡು ಕವಲುಗಳ ಹುಕ್. ಬಲ ತೋಳಿನ ಬುಡವನ್ನು ಸುತ್ತಿ ಬೆನ್ನ ಮೇಲೆ ಹಾಯುವ ಬೆಲ್ಟಿನಿಂದ ಅದಕ್ಕೆ ಒಂದು ಕೇಬಲ್ ಬರುತ್ತದೆ. ಎಡತೋಳನ್ನು ಮುಂದೆ ಚಾಚಿದರೆ ಕೇಬಲ್ ಬಿಗಿದು ಹುಕ್ ತೆರೆಯುತ್ತದೆ, ಸಡಿಲ ಬಿಟ್ಟರೆ ಹುಕ್ಕಿನ ಬುಡದಲ್ಲಿರುವ ರಬ್ಬರ್ ಬ್ಯಾಂಡುಗಳು ಅದನ್ನು ಮುಚ್ಚುತ್ತವೆ. ಬ್ಯಾಂಡು ಹೆಚ್ಚಿಸಿದಷ್ಟೂ ಹಿಡಿತ ಗಟ್ಟಿಯಾಗುತ್ತದೆ, ಆದರೆ ತೆರೆಯಲು ಭುಜ ಅಷ್ಟೇ ಹೆಚ್ಚು ದುಡಿಯಬೇಕಾಗುತ್ತದೆ, ಮತ್ತು ಸಂಜೆಯ ಹೊತ್ತಿಗೆ ನೋಯುವುದು ಕತ್ತರಿಸಿದ ಕೈಯಲ್ಲ, ಬೆಲ್ಟು ಒತ್ತುವ ಬಲ ಕಂಕುಳು.

ಅಡುಗೆಮನೆಯಲ್ಲಿ ಇದರ ಉಪಯೋಗ ನಾನು ಎಣಿಸಿದ್ದಕ್ಕಿಂತ ಹೆಚ್ಚು. ಈಳಿಗೆ ಬಿಟ್ಟು ಚಾಕು ಹಿಡಿದೆ. ಉಳ್ಳಾಗಡ್ಡಿಯನ್ನು ಹುಕ್ಕಿನಿಂದ ಮಣೆಗೆ ಒತ್ತಿ ಹಿಡಿದು ಬಲಗೈಯಿಂದ ಹೆಚ್ಚುತ್ತೇನೆ, ಎಣಗಾಯಿಗೆ ಬದನೆಕಾಯಿ ಸೀಳುವಾಗ ಅದರ ತೊಟ್ಟು ಕವಲುಗಳ ನಡುವೆ ಅಲುಗಾಡದೆ ನಿಲ್ಲುತ್ತದೆ. ಕವಲಿನ ಒಳಮೈಗೆ ಅಂಟಿಸಿದ ರಬ್ಬರ್ ಸವೆದರೆ ಮಾತ್ರ ಎಣ್ಣೆ ಸೋಕಿದ್ದೆಲ್ಲ ಜಾರುತ್ತದೆ. ಬಿಸಿ ಪಾತ್ರೆಯ ಅಂಚನ್ನು ಇಕ್ಕಳವಿಲ್ಲದೆ ಎತ್ತಬಹುದು. ಆದರೆ ಉಕ್ಕು ಎಷ್ಟು ಕಾದಿದೆ ಎಂಬುದು ನನಗೆ ಗೊತ್ತಾಗುವುದಿಲ್ಲವಾದ್ದರಿಂದ, ಅದರ ನಂತರ ಪಕ್ಕದವರನ್ನು ಮುಟ್ಟುವ ಮುನ್ನ ಹುಕ್ಕನ್ನು ನೀರಿಗೆ ಅದ್ದುವುದು ರೂಢಿಯಾಗಿದೆ.

ಜೋಳದ ರೊಟ್ಟಿಗೆ ಮಾತ್ರ ಇದು ಬರುವುದಿಲ್ಲ. ಹಿಟ್ಟು ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಚರ್ಮಕ್ಕೇ ತಿಳಿಯಬೇಕು. ನಾನು ಹುಕ್ಕಿನಿಂದ ಹೆಣಗುವುದನ್ನು ಕಂಡ ನಮ್ಮ ಅತ್ತೆಯವರು, “ಅದನ್ನ ತಗದಿಡವ್ವಾ, ಬರೇ ಕೈಲೆ ಬಡಿ” ಎಂದರು. ಈಗ ಕೃತಕ ಕೈಯನ್ನು ಕಳಚಿಟ್ಟು ಬಲ ಅಂಗೈಯಿಂದ ಬಡಿಯುತ್ತೇನೆ, ಎಡಗೈಯ ಉಳಿದ ತುದಿಯಿಂದ ರೊಟ್ಟಿಯ ಅಂಚಿಗೆ ಆನಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತೇನೆ. ಕೃತಕ ಕೈಯನ್ನು ದಿನವಿಡೀ ಧರಿಸಿರಲೇಬೇಕು ಎಂದು ಹೇಳುವವರು ಬಹುಶಃ ರೊಟ್ಟಿ ಬಡಿದವರಲ್ಲ.

ತಲೆಗಿಂತ ಮೇಲಿನ ಕೆಲಸದಲ್ಲಿ ಎಚ್ಚರ ಬೇಕು. ತೋಳು ಎತ್ತಿದರೆ ಕೇಬಲ್ ತಾನಾಗಿ ಎಳೆದುಕೊಂಡು ಹುಕ್ ಬಾಯಿ ಬಿಡುತ್ತದೆ. ಆದ್ದರಿಂದ ಮೇಲಿನ ಹಲಗೆಯ ಡಬ್ಬಿಗಾಗಲಿ, ಬಸ್ಸಿನಲ್ಲಿ ನಿಂತಾಗ ಮೇಲಿನ ಸರಳಿಗಾಗಲಿ ಇದನ್ನು ನಂಬಬಾರದು.

ಇನ್ನು ಸಾಕೆಟ್ಟಿನ ವಿಷಯ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಉಳಿದ ಕೈ ಬಾವು ಇಳಿದು, ಸ್ನಾಯು ಕರಗಿ ಸಣ್ಣದಾಗುತ್ತದೆ. ನನಗೆ ಮೊದಲ ಸಾಕೆಟ್ ಮಾಡಿದ ಕಡೆ ಬಾವು ಪೂರ್ತಿ ಇಳಿಯುವ ಮೊದಲೇ ಪ್ಲಾಸ್ಟರ್ ಅಚ್ಚು ತೆಗೆದರು, ಮುಂದೆ ಸಡಿಲವಾಗುತ್ತದೆಂದು ಒಂದು ಮಾತೂ ತಿಳಿಸಲಿಲ್ಲ. ಕಾಲುಚೀಲದಂಥ ಹತ್ತಿಯ ಚೀಲಗಳನ್ನು ಒಂದರ ಮೇಲೊಂದು ಹಾಕಿಕೊಂಡು ಕೆಲವು ಕಾಲ ತಳ್ಳಿ, ಕಡೆಗೆ ಬೇರೆಡೆ ಹೊಸದನ್ನು ಮಾಡಿಸಬೇಕಾಯಿತು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ, ಒಲೆಯ ಮುಂದೆ ಚೀಲ ಬೆವರಿನಿಂದ ತೊಯ್ದು ಬೆವರುಸಾಲೆ ಏಳುತ್ತದೆ. ಮಧ್ಯಾಹ್ನದ ಊಟದ ಸರದಿ ಮುಗಿದೊಡನೆ ಕಳಚಿ, ಒಣ ಚೀಲ ಬದಲಿಸಿ, ರಾತ್ರಿ ಸಾಕೆಟ್ಟಿನ ಒಳಮೈಯನ್ನು ಸೌಮ್ಯ ಸೋಪಿನ ನೀರಿನಿಂದ ಒರೆಸಿ ನೆರಳಿನಲ್ಲಿ ಒಣಗಿಸಿದರೆ ಚರ್ಮ ಉಳಿಯುತ್ತದೆ.

ಬ್ಯಾಟರಿಯ ಕೈಯನ್ನೂ ಪ್ರಯೋಗಕ್ಕೆ ಧರಿಸಿ ನೋಡಿದ್ದೇನೆ. ಸ್ನಾಯು ಬಿಗಿದಾಗ ಚರ್ಮದ ಮೇಲೆ ಸಿಗುವ ಸೂಕ್ಷ್ಮ ವಿದ್ಯುತ್ ಸಂಕೇತವನ್ನು ಗ್ರಹಿಸಿ ಅದು ಮುಷ್ಟಿ ಕಟ್ಟುತ್ತದೆ; ಬೆಲ್ಟಿನ ಕಾಟವಿಲ್ಲ, ಮದುವೆಮನೆಯಲ್ಲಿ ಯಾರೂ ದಿಟ್ಟಿಸುವುದಿಲ್ಲ. ಆದರೆ ಬೆಲೆ ಲಕ್ಷಗಳಲ್ಲಿದೆ, ಭಾರ ಹೆಚ್ಚು, ಬೆವರಿದರೆ ಸಂಕೇತ ತಪ್ಪುತ್ತದೆ, ನೀರು ತಾಗಬಾರದು. ಕಚೇರಿ ಕೆಲಸದವರಿಗೆ ಅದು ಒಪ್ಪೀತು. ರೋಟರಿ ಶಿಬಿರಗಳಲ್ಲಿ ಉಚಿತವಾಗಿ ಕೊಡುವ ಎಲ್‌ಎನ್-4 ಕೈ ಹಗುರ, ಆದರೆ ಅದರ ಬೆರಳುಗಳನ್ನು ಇನ್ನೊಂದು ಕೈಯಿಂದ ಸರಿಸಿ ಹಿಡಿಸಬೇಕು. ಲೋಟ, ಪೆನ್ನು, ಸೈಕಲ್ ಹಿಡಿಕೆಗೆ ಸಾಕು. ಕೊಳ್ಳಲು ಶಕ್ತಿಯಿಲ್ಲದವರು ಅಂಗವಿಕಲರಿಗೆ ಸಾಧನ ಸಲಕರಣೆ ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯನ್ನು ವಿಚಾರಿಸಬೇಕು. 1981ರಿಂದ ಇರುವ ಈ ಯೋಜನೆಯಲ್ಲಿ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ ತಯಾರಿಸುವ ಉಪಕರಣಗಳು ಸಿಗುತ್ತವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಓಡಾಟ ತಪ್ಪುತ್ತದೆ.

ಇಲ್ಲದ ಬೆರಳುಗಳು ಮಡಚಿಕೊಂಡು ನೋಯುವುದು ನನಗೆ ಇಂದಿಗೂ ಪೂರ್ತಿ ನಿಂತಿಲ್ಲ. ಕೈ ಧರಿಸಿ ಕೆಲಸದಲ್ಲಿರುವಾಗ ಅದು ಕಡಿಮೆ, ಆದರೆ ನೋವಿಗೆ ಔಷಧಿಯೆಂದು ಇದನ್ನು ಕೊಳ್ಳಬೇಡಿರಿ.

ಇಷ್ಟು ವರ್ಷಗಳಲ್ಲಿ ಉಕ್ಕಿನ ಹುಕ್ಕಿಗೆ ಏನೂ ಆಗಿಲ್ಲ. ಕೇಬಲ್ ಎಳೆ ಎಳೆಯಾಗಿ ಬಿಚ್ಚಿಕೊಂಡಿತು, ಬ್ಯಾಂಡುಗಳು ಒಣಗಿ ಹರಿದವು, ಬೆಲ್ಟನ್ನು ಚಪ್ಪಲಿ ಹೊಲಿಯುವವರೊಬ್ಬರು ಮೊದಲಿಗಿಂತ ಚೆನ್ನಾಗಿ ಹೊಲಿದುಕೊಟ್ಟರು. ಈ ದೀಪಾವಳಿಯ ನಂತರ ಮತ್ತೆ ಅಚ್ಚು ಕೊಟ್ಟು ಸಾಕೆಟ್ ಬದಲಿಸಲಿದ್ದೇನೆ. ಹುಕ್ ಇದೇ ಇರುತ್ತದೆ.