ಥೈರಾಯ್ಡ್ ಮಾತ್ರೆ: ಬೆಳಗಿನ ಕಾಫಿಗೆ ಮುಂಚೆಯೋ, ರಾತ್ರಿ ಮಲಗುವಾಗಲೋ?

ಥೈರಾಯ್ಡ್ ಹಾರ್ಮೋನು ಕಮ್ಮಿ ಇದ್ದವರಿಗೆ ಏರಿದ ತೂಕದಲ್ಲಿ ಕಾಯಿಲೆಯಿಂದ ಬಂದ ಪಾಲು ಸಾಮಾನ್ಯವಾಗಿ 2ರಿಂದ 5 ಕೆಜಿ. ಅದರಲ್ಲೂ ಜಾಸ್ತಿ ಮೈಯಲ್ಲಿ ನಿಂತ ಉಪ್ಪು, ನೀರು. ಅಷ್ಟಾದರೂ ಇಳಿಯಬೇಕಾದರೆ ಮಾತ್ರೆ ಮೈಗೆ ಹತ್ತಬೇಕು, ಅದಕ್ಕೇ ಹೊತ್ತು ನೋಡಿ ನುಂಗಬೇಕು. ಮಿಕ್ಕಿದ್ದಕ್ಕೆ ಊಟ, ನಡಿಗೆಯೇ ದಾರಿ.

ಬೆಳಿಗ್ಗೆ ತಗೊಳ್ಳುವುದಾದರೆ ಖಾಲಿ ಹೊಟ್ಟೆ, ಬರೀ ನೀರು. ಆಮೇಲೆ ಕಾಫಿ, ತಿಂಡಿಗೆ 30ರಿಂದ 60 ನಿಮಿಷ ಕಾಯಬೇಕು. ಹೇಳುವುದು ಸುಲಭ! ನಮ್ಮ ಮನೆಯಲ್ಲಿ ಐದೂವರೆಗೇ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುತ್ತಿರುತ್ತದೆ. ಆ ಘಮಕ್ಕೆ ಸೋತು ಎಷ್ಟೋ ದಿನ ಮಾತ್ರೆಯ ಹಿಂದೆಯೇ ಕಾಫಿ ಕುಡಿದಿದ್ದೇನೆ. ಕಾಫಿ ಜೊತೆ ಹೋದರೆ ಮಾತ್ರೆಯನ್ನು ಮೈ ಪೂರ್ತಿ ಹೀರಿಕೊಳ್ಳುವುದಿಲ್ಲ.

ರಾತ್ರಿಯಾದರೆ ಊಟವಾಗಿ ಕನಿಷ್ಠ 3 ಗಂಟೆ ಕಳೆದಿರಬೇಕು. ಏಳೂವರೆಗೆ ಉಂಡು ಹತ್ತೂವರೆ ಮೇಲೆ ಮಲಗುವವರಿಗೆ ಇದು ಆರಾಮ. ಹತ್ತಕ್ಕೆ ಅನ್ನ ಸಾರು ಉಣ್ಣುವವರಿಗೆ ಆಗದ ಮಾತು. ಮಲಗುವಾಗ ಹಾಲು ಕುಡಿಯುವ ಅಭ್ಯಾಸವೂ ಬಿಡಬೇಕು.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಅಂತರ ಬೇಕು. ಅವು ರಾತ್ರಿಗಿದ್ದರೆ ಥೈರಾಯ್ಡ್ ಮಾತ್ರೆ ಬೆಳಿಗ್ಗೆಗೇ ಇರಲಿ.

ನನ್ನನ್ನು ಕೇಳಿದರೆ, ಬೇಗ ಉಣ್ಣುವ ಕಾಫಿಪ್ರಿಯರಿಗೆ ರಾತ್ರಿಯೇ ಸರಿ. ಮರೆಗುಳಿಗಳಿಗೆ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಡಬ್ಬಿ. ಹೊತ್ತು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ, ಬದಲಿಸಿದ ಮೇಲೆ 6ರಿಂದ 8 ವಾರಕ್ಕೆ ಥೈರಾಯ್ಡ್ ಸರಿಯಿದೆಯೇ ಎಂದು ತಿಳಿಸುವ ರಕ್ತ ಪರೀಕ್ಷೆ ಟಿಎಸ್‌ಎಚ್ ನೋಡಿಸಿ. ತೂಕ ಬೇಗ ಇಳಿಯಲಿ ಅಂತ ಸುಮ್ನೆ ಡೋಸ್ ಏರಿಸಬೇಡಿ. ಎದೆ ಡವಡವ ಅನ್ನುತ್ತದೆ, ಮೂಳೆಯೂ ಸವೆಯುತ್ತದೆ.