ಸಮ-ಬೆಸ ಆಪ್ ಸೂಪರ್, ಆದ್ರೆ ಮೈನಸ್ ಏಳನ್ನ ಯಾಕೆ ಸಮ ಮಾಡಿದ್ರಿ

ಮಗಳಿಗೆ ಅಂತ ಹಾಕ್ಕೊಂಡಿದ್ದು, ಈಗ ಅವಳಿಗಿಂತ ಜಾಸ್ತಿ ನಾನೇ ಆಡ್ತಿದೀನಿ. ಪೂರ್ಣಾಂಕಗಳ ಪ್ರಾಕ್ಟೀಸ್ ಆಪ್ ಇದು, ಸಮ ಬೆಸ ಧನ ಋಣ ಅಷ್ಟೇ. ಹೆಸರು ಹೇಳಲ್ಲ, ಕೆಳಗೆ ಸ್ವಲ್ಪ ಬೈಯೋದಿದೆ.

ಮೊದಲ ಎರಡು ಲೆವೆಲ್ ಬೋರು. ಬೆಸಕ್ಕೆ ಬೆಸ ಕೂಡಿದ್ರೆ ಸಮ, ಬೆಸ ಇಂಟು ಬೆಸ ಬೆಸ ಅಂತ ಟೇಬಲ್ ತೋರ್ಸಿ ಅದನ್ನೇ ತಿರುಗಿಸಿ ಮುರುಗಿಸಿ ಕೇಳ್ತಾರೆ, ಬಾಯಿಪಾಠ ಮಾಡಿದ್ರೆ ಪಾಸು.

ಮೂರನೇ ಲೆವೆಲಿಂದ ಮಜಾ ಶುರು. ಎ ಇಂಟು ಬಿ ಋಣ, ಬಿ ಇಂಟು ಸಿ ಧನ, ಹಾಗಾದ್ರೆ ಎ ಇಂಟು ಸಿ ಏನು ಅಂತ ಬಂತು. ಮಗಳು ನಂಬರ್ ಹಾಕಿ ನೋಡೋಕೆ ಹೋದ್ಲು, ಬೇಡ ಕಣೇ, ಬಿ ಸಿ ಎರಡೂ ಒಂದೇ ಪಾರ್ಟಿ, ಎ ಎದುರು ಪಾರ್ಟಿ, ಅಂದ್ಮೇಲೆ ಋಣನೇ ತಾನೇ ಅಂದೆ. ಪ್ರತಿ ಪ್ರಶ್ನೆಗೂ 'ಹೇಳೋಕಾಗಲ್ಲ' ಅನ್ನೋ ಆಪ್ಷನ್ ಇಟ್ಟಿರೋದು ಈ ಆಪ್‌ನ ಜೀವಾಳ. ಗುಣಲಬ್ಧ ಸಮ ಅಂದ್ರೆ ಮೊತ್ತ ಏನು? 2, 4 ಹಾಕಿದ್ರೆ ಸಮ, 2, 3 ಹಾಕಿದ್ರೆ ಬೆಸ, ಹೇಳೋಕಾಗಲ್ಲ. ಆಮೇಲೆ 'ಋಣ ಅಲ್ಲ' ಅಂದ ತಕ್ಷಣ ಧನ ಅಂತ ಒತ್ತಿದ್ರೋ ಸೊನ್ನೆ ಬಂದು ಕೆಡವತ್ತೆ, ನಾನೇ ಎರಡು ಸಲ ಬಿದ್ದೆ.

ನನ್ನ ಫೇವರಿಟ್ ಒಂದಿದೆ. 1ರಿಂದ 10ರವರೆಗೆ ಬರೆದು ಪ್ರತಿಯೊಂದರ ಮುಂದೆ ಪ್ಲಸ್ಸೋ ಮೈನಸ್ಸೋ ಹಾಕಿ ಉತ್ತರ ಸೊನ್ನೆ ಬರಿಸಿ ಅಂತ. ಅರ್ಧ ಗಂಟೆ ಒದ್ದಾಡಿದೀವಿ, 1 ಬರತ್ತೆ, ಮೈನಸ್ 1 ಬರತ್ತೆ, ಸೊನ್ನೆ ಮಾತ್ರ ಇಲ್ಲ. ಬರೋದೂ ಇಲ್ಲ, ಯಾಕಂದ್ರೆ ಎಲ್ಲಾ ಪ್ಲಸ್ ಇದ್ರೆ ಮೊತ್ತ 55, ಬೆಸ, ಯಾವ ಸಂಖ್ಯೆನ ಮೈನಸ್ ಮಾಡಿದ್ರೂ ಅದರ ಎರಡರಷ್ಟು ಕಮ್ಮಿ ಆಗತ್ತೆ, ಅಂದ್ರೆ ಸಮ ಸಂಖ್ಯೆಯಷ್ಟೇ, ಹಂಗಾಗಿ ಬೆಸ ಬೆಸವಾಗೇ ಉಳಿಯತ್ತೆ. 8ರವರೆಗೆ ಆದ್ರೆ ಮೊತ್ತ 36, ಆಗ ಆಗತ್ತೆ, ನೀವೇ ಟ್ರೈ ಮಾಡಿ.

ಬೈಗುಳ ಈಗ. ಋಣ ಇಂಟು ಋಣ ಯಾಕೆ ಧನ ಅಂತ ಕೇಳಿದ್ರೆ 'ಇದು ನಿಯಮ' ಅಂತ ಒಂದೇ ಲೈನು! ಧನ ಋಣ ಅನ್ನೋ ಹೆಸರಲ್ಲೇ ಆಸ್ತಿ, ಸಾಲ ಇದೆಯಲ್ರೀ, ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಇದೇ ಹೆಸರಲ್ಲಿ ನಿಯಮ ಬರೆದಿದಾನೆ. ಸಾಲ ಅಂದ್ರೆ ಮೈನಸ್, ಮನ್ನಾ ಅಂದ್ರೆ ಅದನ್ನ ಕಳೆಯೋದು, ಅದೂ ಮೈನಸ್ಸೇ; ಐದೈದರ ಮೂರು ಸಾಲ ಮನ್ನಾ ಆದ್ರೆ ನಿಮಗೆ 15 ಲಾಭ, ಇಷ್ಟು ಹೇಳಿದ್ದೇ ಮಗಳಿಗೆ ಹೊಳೀತು.

ಇನ್ನೊಂದು ದೊಡ್ಡ ತಪ್ಪು. ಮೈನಸ್ 7 ಬೆಸ ಅಂತ ಒತ್ತಿದ್ರೆ ಕೆಂಪು ಬರತ್ತೆ, ಸಮ ಅಂದ್ರೆ ಹಸಿರು! ಮಗಳು ಪಾಪ ತನ್ನದೇ ತಪ್ಪು ಅನ್ಕೊಂಡ್ಲು. ನನ್ನ ಗೆಸ್ ಏನಂದ್ರೆ, ಸಿ, ಜಾವಾ ಥರದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೈನಸ್ 7ನ ಎರಡರಿಂದ ಭಾಗಿಸಿದ್ರೆ ಶೇಷ ಮೈನಸ್ 1 ಬರತ್ತೆ, ಇವರು ಶೇಷ 1 ಇದ್ರೆ ಮಾತ್ರ ಬೆಸ ಅಂತ ಬರ್ದಿರ್ಬೇಕು. ಶೇಷ ಸೊನ್ನೆ ಅಲ್ದಿದ್ರೆ ಬೆಸ ಅಂತ ಬರೀರಿ ಸಾರ್, ಒಂದೇ ಲೈನಿನ ಕೆಲಸ. ಮೂರು ಸ್ಟಾರ್ ಕೊಟ್ಟಿದೀನಿ, ಮೈನಸ್ 7ಗೆ ನ್ಯಾಯ ಸಿಕ್ಕಿದ ದಿನ ಇನ್ನೊಂದು ಸೇರಿಸ್ತೀನಿ.