ಆರು ವರ್ಷ, 1,20,000 ಕಿಲೋಮೀಟರ್: ಪೆಟ್ರೋಲ್ ಪಿಕಪ್‌ಗೆ ಎಲ್‌ಪಿಜಿ ಹಾಕಿಸಿದ ಮೇಲೆ

ನನ್ನ ಪೆಟ್ರೋಲ್ ಪಿಕಪ್‌ಗೆ ಎಲ್‌ಪಿಜಿ ಕಿಟ್ ಹಾಕಿಸಿ ಆರು ವರ್ಷ ತುಂಬಿತು. ಅದರದು 2.4 ಲೀಟರ್‌ನ, ನಾಲ್ಕು ಸಿಲಿಂಡರ್‌ಗಳ, ಟರ್ಬೊ ಇಲ್ಲದ ಸಾದಾ ಎಂಜಿನ್. ಕಿಟ್ ಕೂರಿಸಿದ ದಿನ ಓಡೋಮೀಟರ್ 64,000 ತೋರಿಸುತ್ತಿತ್ತು, ಈಗ 1,84,000 ದಾಟಿದೆ. ನಡುವಿನ ದೂರವನ್ನೆಲ್ಲ ಗಾಡಿ ಹೆಚ್ಚುಕಡಿಮೆ ಅನಿಲದ ಮೇಲೆಯೇ ಓಡಿದೆ, ಅದೂ ವಾರದಲ್ಲಿ ನಾಲ್ಕೈದು ದಿನ ಅರ್ಧ ಟನ್‌ಗೆ ಕಡಿಮೆಯಿಲ್ಲದ ಹೊರೆ ಹೊತ್ತು. ಕಿಟ್ ಹಾಕಿಸಿದ ಹೊಸತರಲ್ಲಿ ಬರೆದ ವಿಮರ್ಶೆಗಳು ಸಾಮಾನ್ಯವಾಗಿ ಉಳಿತಾಯದ ಲೆಕ್ಕದಲ್ಲೇ ಮುಗಿದುಹೋಗುತ್ತವೆ. ಅಸಲು ಕಥೆ ಶುರುವಾಗುವುದು ಎರಡನೆಯ ವರ್ಷದ ನಂತರ ಎಂಬುದನ್ನು ಕಂಡುಕೊಂಡಿರುವುದರಿಂದ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡದ್ದು ಸೀಕ್ವೆನ್ಶಿಯಲ್ ಇಂಜೆಕ್ಷನ್ ಕಿಟ್. ಟ್ಯಾಂಕಿನಲ್ಲಿ ದ್ರವರೂಪದಲ್ಲಿರುವ ಎಲ್‌ಪಿಜಿ ಪೈಪಿನ ಮೂಲಕ ಬಾನೆಟ್‌ನೊಳಗಿನ ರೆಡ್ಯೂಸರ್‌ಗೆ (ಒತ್ತಡ ಇಳಿಸುವ ಸಾಧನಕ್ಕೆ) ಬಂದು, ಅಲ್ಲಿ ಎಂಜಿನ್ ಕೂಲಂಟ್‌ನ, ಅಂದರೆ ಎಂಜಿನ್ ತಂಪಾಗಿಡುವ ದ್ರವದ, ಬಿಸಿಯಿಂದ ಆವಿಯಾಗಿ, ಫಿಲ್ಟರ್ ದಾಟಿ, ಪ್ರತಿ ಸಿಲಿಂಡರ್‌ಗೂ ಒಂದರಂತೆ ಇರುವ ಗ್ಯಾಸ್ ಇಂಜೆಕ್ಟರ್‌ಗಳ ಮೂಲಕ ಒಳಸೇರುತ್ತದೆ. ಪೆಟ್ರೋಲ್ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕೆಂದು ಗಾಡಿಯ ಮೂಲ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಹೇಳುತ್ತದೆಯೋ ಆ ಸಂಕೇತವನ್ನು ಕಿಟ್‌ನ ಇಸಿಯು ಹಿಡಿದುಕೊಂಡು ಅನಿಲದ ಅಳತೆಗೆ ಬದಲಿಸಿಕೊಡುತ್ತದೆ. ಇದಕ್ಕಿಂತ ಅಗ್ಗದಲ್ಲಿ ಹಳೆಯ ಮಿಕ್ಸರ್ ಮಾದರಿಯ ಕಿಟ್‌ಗಳೂ ಸಿಗುತ್ತವೆ. ಅವುಗಳಲ್ಲಿ ಎಂಜಿನ್‌ಗೆ ಗಾಳಿ ಒಯ್ಯುವ ಇಡೀ ಇನ್‌ಟೇಕ್ ಮ್ಯಾನಿಫೋಲ್ಡ್ ತುಂಬ ಅನಿಲ ಮತ್ತು ಗಾಳಿಯ ಮಿಶ್ರಣ ನಿಂತಿರುವುದರಿಂದ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಮ್ಮುಖವಾಗಿ ಅಲ್ಲಿಗೆ ನುಗ್ಗಿದರೆ, ಏರ್ ಫಿಲ್ಟರ್ ಪೆಟ್ಟಿಗೆಯೇ ಸೀಳಿಹೋಗುವ ಸಾಧ್ಯತೆ ಇರುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಎಂಜಿನ್‌ಗಾದರೆ ಸರಿ, ಇಂಜೆಕ್ಷನ್ ಎಂಜಿನ್‌ಗೆ ನಾನು ಅದನ್ನು ಶಿಫಾರಸು ಮಾಡಲಾರೆ.

ಟ್ಯಾಂಕ್ ಎಲ್ಲಿಡಬೇಕೆಂಬುದು ಪಿಕಪ್ ಮಾಲೀಕರಿಗೆ ಕಾರಿನವರಿಗಿಂತ ಬೇರೆಯದೇ ಪ್ರಶ್ನೆ. ಕ್ಯಾಬಿನ್ ಬೆನ್ನಿಗೆ ಅಡ್ಡಲಾಗಿ, ಸರಕಿನ ತೊಟ್ಟಿಯೊಳಗೆ ಇಟ್ಟರೆ ಅಳವಡಿಕೆ ಸುಲಭ, ದೊಡ್ಡ ಟ್ಯಾಂಕೂ ಹಿಡಿಸುತ್ತದೆ, ಆದರೆ ಉದ್ದದ ಸಾಮಾನು ಹೇರುವವರಿಗೆ ಆ ಒಂದೂವರೆ ಅಡಿ ಪ್ರತಿದಿನ ಕಾಡುತ್ತದೆ. ನಾನು ತೊಟ್ಟಿಯ ಕೆಳಗೆ, ಚಾಸಿಯ ಪಕ್ಕಕ್ಕೆ 80 ಲೀಟರಿನ ಉರುಳೆ ಟ್ಯಾಂಕ್ ಕೂರಿಸಿದೆ. ಹಾಗೆ ಮಾಡುವುದಾದರೆ ಕಲ್ಲೇಟಿಗೆ ತಡೆಯಾಗಿ ಉಕ್ಕಿನ ತಗಡು ಇರಲೇಬೇಕು, ಎಕ್ಸಾಸ್ಟ್ ಪೈಪಿನ ಕಡೆಗೆ ಶಾಖ ತಡೆಯುವ ಹಾಳೆಯೂ ಬೇಕು, ಹೊರೆ ತುಂಬಿ ಸ್ಪ್ರಿಂಗ್ ಕುಗ್ಗಿದಾಗ ನೆಲದಿಂದ ಎಷ್ಟು ಎತ್ತರ ಉಳಿಯುತ್ತದೆಂದು ಖಾಲಿ ಗಾಡಿಯಲ್ಲಲ್ಲ, ತುಂಬಿದ ಗಾಡಿಯಲ್ಲೇ ಅಳೆಯಬೇಕು. ಟ್ಯಾಂಕಿನ ಮತ್ತು ಅದರೊಳಗಿನ ಅನಿಲದ ತೂಕವನ್ನು ಗಾಡಿ ಹೊರಬಹುದಾದ ಭಾರದಿಂದ ಕಳೆಯಬೇಕೆಂಬುದನ್ನೂ ಹಲವರು ಮರೆಯುತ್ತಾರೆ.

80 ಲೀಟರಿನ ಟ್ಯಾಂಕಿಗೆ 80 ಲೀಟರ್ ಹಿಡಿಯುವುದಿಲ್ಲ. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕಾದ್ದರಿಂದ ಶೇ 80 ತುಂಬುತ್ತಲೇ ಟ್ಯಾಂಕಿನ ಮಲ್ಟಿವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂದರೆ ಸಿಗುವುದು 64 ಲೀಟರ್. ಅಡುಗೆಮನೆಯ ಸಿಲಿಂಡರನ್ನೇ ಗಾಡಿಗೆ ಜೋಡಿಸಿದರಾಗದೇ ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ: ಆ ಸಿಲಿಂಡರ್‌ನಲ್ಲಿ ಈ ವಾಲ್ವ್ ಇಲ್ಲ, ಪೈಪ್ ತುಂಡಾದರೆ ಹರಿವನ್ನು ತಾನಾಗಿ ತಡೆಯುವ ವ್ಯವಸ್ಥೆ ಇಲ್ಲ, ಡಿಕ್ಕಿಯ ಹೊಡೆತ ತಾಳಿಕೊಂಡು ಗಾಡಿಗೆ ಬಿಗಿಯಾಗಿ ಕೂರುವ ಕಟ್ಟಂತೂ ಇಲ್ಲವೇ ಇಲ್ಲ.

ಇನ್ನು ಮೈಲೇಜ್. ಪೆಟ್ರೋಲ್‌ನಲ್ಲಿ ಈ ಗಾಡಿ ಹೊರೆ ಸಮೇತ ಲೀಟರಿಗೆ 8.5 ಕಿಲೋಮೀಟರ್ ಕೊಡುತ್ತಿತ್ತು. ಅನಿಲದಲ್ಲಿ ಆರು ವರ್ಷಗಳ ಸರಾಸರಿ 6.8. ಇದು ಕಿಟ್‌ನ ದೋಷವಲ್ಲ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಒಂದು ಲೀಟರ್ ಎಲ್‌ಪಿಜಿಯಲ್ಲಿ ಇರುವುದು ಸುಮಾರು 25 ಮಾತ್ರ. ಆದ್ದರಿಂದ ಲಾಭನಷ್ಟದ ಲೆಕ್ಕವನ್ನು ಯಾರು ಬೇಕಾದರೂ ಒಂದೇ ಸಾಲಿನಲ್ಲಿ ಮಾಡಿಕೊಳ್ಳಬಹುದು: ಅನಿಲದ ಬಳಕೆ ನಾಲ್ಕನೇ ಒಂದರಷ್ಟು ಹೆಚ್ಚುವುದರಿಂದ, ಅದರ ಲೀಟರ್ ಬೆಲೆ ಪೆಟ್ರೋಲ್ ಬೆಲೆಯ ಶೇ 80ಕ್ಕಿಂತ ಕೆಳಗಿದ್ದರೆ ಮಾತ್ರ ಉಳಿತಾಯ, ಶೇ 60ರ ಆಸುಪಾಸಿನಲ್ಲಿದ್ದರೆ ನಿಜವಾದ ಉಳಿತಾಯ. ಎಂಜಿನ್ ಶುರುವಾಗುವುದು ಪೆಟ್ರೋಲ್‌ನಲ್ಲೇ. ಕೂಲಂಟ್ 35–40 ಡಿಗ್ರಿಗೆ ಬಂದ ಮೇಲಷ್ಟೇ ಅದು ಅನಿಲಕ್ಕೆ ಹೊರಳುವುದರಿಂದ ನನ್ನಲ್ಲಿ ಸಾವಿರ ಕಿಲೋಮೀಟರಿಗೆ ಆರೇಳು ಲೀಟರ್ ಪೆಟ್ರೋಲ್ ಈಗಲೂ ಖರ್ಚಾಗುತ್ತದೆ. ದಿನಕ್ಕೆ ನಾಲ್ಕು ಸಲ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಗಾಡಿ ಅನಿಲದ ಮುಖವನ್ನೇ ಸರಿಯಾಗಿ ನೋಡುವುದಿಲ್ಲ.

ಪಿಕಪ್‌ನ ಪಿಕಪ್ ಕಡಿಮೆಯಾಯಿತೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸ್ವಲ್ಪ ಕಡಿಮೆಯಾಗಿದೆ. ಆವಿಯಾದ ಅನಿಲ ಇನ್‌ಟೇಕ್‌ನಲ್ಲಿ ಗಾಳಿಯ ಜಾಗವನ್ನು ಒಂದಿಷ್ಟು ಆಕ್ರಮಿಸುವುದರಿಂದ ಏರಿನಲ್ಲಿ, ತುಂಬಿದ ಗಾಡಿಯಲ್ಲಿ, ಮೊದಲಿಗಿಂತ ಸ್ವಲ್ಪ ಬೇಗ ಗೇರ್ ಇಳಿಸಬೇಕಾಗುತ್ತದೆ. ಸಮತಟ್ಟಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಎಲ್‌ಪಿಜಿಯ ಆಕ್ಟೇನ್, ಅಂದರೆ ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ, ಪೆಟ್ರೋಲ್‌ಗಿಂತ ಹೆಚ್ಚಿರುವುದರಿಂದ ಹೊರೆಯ ಏರಿನಲ್ಲಿ ಮೊದಲು ಕೇಳಿಬರುತ್ತಿದ್ದ ನಾಕಿಂಗ್ (ಎಂಜಿನ್ ಒಳಗೆ ಬಡಿದಂಥ) ಸದ್ದು ಪೂರ್ತಿ ನಿಂತಿದೆ.

ನನ್ನ ಮೊದಲ ತೊಂದರೆ ಬಂದದ್ದು ಮೂರನೆಯ ವಾರದಲ್ಲಿ. ಕಿಟ್ ಕೂರಿಸಿದ ವರ್ಕ್‌ಶಾಪಿನವರು ಗಾಡಿಯನ್ನು ತಮ್ಮ ಅಂಗಳದಲ್ಲೇ, ಖಾಲಿಯಾಗಿ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗುತ್ತ) ನಿಲ್ಲಿಸಿಕೊಂಡು ಟ್ಯೂನಿಂಗ್ ಮುಗಿಸಿ ಕೈಗೆ ಕೊಟ್ಟಿದ್ದರು. ಪೂರ್ತಿ ಹೊರೆಯೊಂದಿಗೆ ಉದ್ದದ ಏರು ಹತ್ತುತ್ತಿದ್ದಾಗ ಎಂಜಿನ್ ದೀಪ ಹೊತ್ತಿಕೊಂಡಿತು. ಸ್ಕ್ಯಾನರ್ ತೋರಿಸಿದ ಕೋಡ್ ಪಿ0171, ಅಂದರೆ ಇಂಧನ ಸಾಲದೆ ಗಾಳಿ ಹೆಚ್ಚಾಗಿದೆ ಎಂದು. ಬೇರೊಬ್ಬ ಮೆಕ್ಯಾನಿಕ್ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತು, ಹೊರೆ ತುಂಬಿದ ಗಾಡಿಯನ್ನು ಅದೇ ಬಗೆಯ ಏರಿನಲ್ಲಿ ನನ್ನಿಂದ ಒಮ್ಮೆ ಪೆಟ್ರೋಲ್‌ನಲ್ಲಿ, ಒಮ್ಮೆ ಅನಿಲದಲ್ಲಿ ಓಡಿಸಿದರು. ಮೂಲ ಇಸಿಯು ಕೇಳುವ ಇಂಜೆಕ್ಷನ್ ಅವಧಿ ಎರಡರಲ್ಲೂ ಒಂದೇ ಇರಬೇಕು. ಅನಿಲಕ್ಕೆ ಹೊರಳಿದಾಗ ಅದು ಉದ್ದವಾದರೆ ಅನಿಲ ಸಾಲುತ್ತಿಲ್ಲ ಎಂದರ್ಥ. ನನ್ನ ಗಾಡಿಯಲ್ಲಿ ಐಡಲ್‌ನಲ್ಲಿ ಎರಡೂ ಸರಿಸಮ, ಏರಿನಲ್ಲಿ ಮಾತ್ರ ಬಹಳ ಅಂತರ. ಎರಡು ತಾಸಿನ ಆ ಕೆಲಸದ ನಂತರ ಆ ದೀಪ ಮತ್ತೆ ಹೊತ್ತಿಲ್ಲ. ಕಿಟ್ ಯಾವ ಕಂಪನಿಯದೆಂದು ಕೇಳುವುದಕ್ಕಿಂತ ಟ್ಯೂನಿಂಗ್ ಮಾಡುವವರು ಹೊರೆಯೊಂದಿಗೆ ರಸ್ತೆಗೆ ಬರುತ್ತಾರೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಎರಡನೆಯ ವರ್ಷದಲ್ಲಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು) ಶುರುವಾಯಿತು, ಅದೂ ಅನಿಲದಲ್ಲಿ ಮಾತ್ರ. ಕಿಟ್‌ನದೇ ತಪ್ಪೆಂದು ಒಂದು ವಾರ ಬೈದುಕೊಂಡೆ. ಕೊನೆಗೆ ನೋಡಿದರೆ ಸವೆದ ಸ್ಪಾರ್ಕ್ ಪ್ಲಗ್‌ಗಳು ಮತ್ತು ಪ್ಲಗ್‌ಗೆ ಹೆಚ್ಚಿನ ವೋಲ್ಟೇಜ್ ಕೊಡುವ, ಬಿರುಕುಬಿಟ್ಟ ಒಂದು ಇಗ್ನಿಷನ್ ಕಾಯಿಲ್. ಅನಿಲದ ಮಿಶ್ರಣಕ್ಕೆ ಕಿಡಿ ಹತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಪೆಟ್ರೋಲ್‌ನಲ್ಲಿ ಹೇಗೋ ತಳ್ಳಿಕೊಂಡು ಹೋಗುತ್ತಿದ್ದ ಕಾಯಿಲ್ ಇಲ್ಲಿ ಕೈಕೊಡುತ್ತದೆ. ಪೆಟ್ರೋಲ್ ಮುಚ್ಚಿಟ್ಟುಕೊಂಡು ಬಂದ ದೋಷಗಳನ್ನು ಅನಿಲ ಒಂದೊಂದಾಗಿ ಬಯಲಿಗೆಳೆಯುತ್ತದೆ ಎಂಬುದು ನನಗೆ ಆಗ ಅರ್ಥವಾಯಿತು. ಈಗ ಪ್ಲಗ್‌ಗಳನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸುತ್ತೇನೆ, ಗ್ಯಾಪನ್ನೂ ಕೂದಲೆಳೆಯಷ್ಟು ಕಡಿಮೆ ಇಡುತ್ತೇನೆ.

ಈ ವಿಮರ್ಶೆಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ: ಎಂಜಿನ್ನಿನ ವಾಲ್ವ್‌ಗಳು, ಅಂದರೆ ಸಿಲಿಂಡರಿಗೆ ಗಾಳಿ-ಇಂಧನ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲುಗಳು. ಕಿಟ್ ಹಾಕಿಸಿ 22,000 ಕಿಲೋಮೀಟರ್ ಆಗಿದ್ದಾಗ ಎಂಜಿನ್ ಮೊದಲಿಗಿಂತ ಮೆತ್ತಗೆ ಓಡುತ್ತಿದೆ ಎನ್ನಿಸಿತು. ಬೆಳಿಗ್ಗೆ ಶುರುಮಾಡಿದಾಗ ಕೇಳುತ್ತಿದ್ದ, ವಾಲ್ವ್‌ಗಳನ್ನು ಒತ್ತುವ ಟ್ಯಾಪೆಟ್‌ಗಳ ಟಕಟಕ ಸದ್ದು ಹೆಚ್ಚುಕಡಿಮೆ ಮಾಯವಾಗಿತ್ತು, ನನಗೋ ಸಂತೋಷ. ಅದು ಸಂತೋಷಪಡುವ ವಿಷಯವಾಗಿರಲಿಲ್ಲ. ಮೇಲಿನ ಮುಚ್ಚಳ ಬಿಚ್ಚಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಇಟ್ಟಾಗ, 0.30 ಮಿಲಿಮೀಟರ್ ಇರಬೇಕಾದ ಎಕ್ಸಾಸ್ಟ್ ಕಡೆಯ ಗ್ಯಾಪ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಕೆಲವದರಲ್ಲಿ 0.18ಕ್ಕೆ ಇಳಿದಿತ್ತು, ಮೂರನೆಯ ಸಿಲಿಂಡರಿನಲ್ಲಂತೂ 0.10ರ ಎಲೆಯೂ ಬಿಗಿಯಾಗಿ, ಒತ್ತಿದರಷ್ಟೇ ಒಳಹೋಯಿತು. ಅನಿಲ ಒಣ ಇಂಧನ. ಅದರಲ್ಲಿ ವಾಲ್ವ್ ಸೀಟಿಗೆ (ವಾಲ್ವ್ ಮುಚ್ಚಿದಾಗ ಕೂರುವ ಲೋಹದ ಅಂಚಿಗೆ) ರಕ್ಷಣೆ ಕೊಡುವ ಅಂಶಗಳಿಲ್ಲ, ದ್ರವದ ಹನಿಗಳ ತಂಪೂ ಇಲ್ಲ. ಸೀಟಿನ ಲೋಹ ಮೃದುವಾಗಿದ್ದರೆ ವಾಲ್ವ್ ಬಡಿದು ಬಡಿದು ಅದರೊಳಕ್ಕೆ ಸ್ವಲ್ಪಸ್ವಲ್ಪವೇ ಹೂತುಹೋಗುತ್ತದೆ, ಅದರ ಕಡ್ಡಿಯ ತುದಿ ಅಷ್ಟೇ ಮೇಲಕ್ಕೆ ಬಂದು ಗ್ಯಾಪನ್ನು ತಿಂದುಹಾಕುತ್ತದೆ. ಗ್ಯಾಪ್ ಪೂರ್ತಿ ಮುಗಿದ ದಿನ ವಾಲ್ವ್ ಮುಚ್ಚುವುದೇ ಇಲ್ಲ; ಸಂದಿನಲ್ಲಿ ನುಗ್ಗುವ ಬೆಂಕಿಯಂಥ ಹೊಗೆಗೆ ಅದರ ಅಂಚು ಸುಟ್ಟು, ಕಂಪ್ರೆಷನ್ ಹೋಗಿ, ಸಿಲಿಂಡರ್ ಹೆಡ್ ಬಿಚ್ಚುವ ಕೆಲಸ ಬರುತ್ತದೆ.

ನನ್ನ ಎಂಜಿನ್ನಿನಲ್ಲಿ ಗ್ಯಾಪನ್ನು ಸ್ಕ್ರೂ ತಿರುಗಿಸಿಯೇ ಹೊಂದಿಸಬಹುದಾದ್ದರಿಂದ ಅರ್ಧ ದಿನದಲ್ಲಿ ಬಚಾವಾದೆ. ಶಿಮ್ (ಬೇರೆಬೇರೆ ದಪ್ಪದ ಲೋಹದ ಬಿಲ್ಲೆ) ಬದಲಿಸಿ ಹೊಂದಿಸುವ ಎಂಜಿನ್‌ಗಳಲ್ಲಿ ಕೆಲಸ ಹೆಚ್ಚು, ಖರ್ಚೂ ಹೆಚ್ಚು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಅದು ತಾನೇ ಸರಿಹೊಂದಿಸಿಕೊಳ್ಳುತ್ತದೆ, ಆದರೆ ಸವೆತ ನಡೆಯುತ್ತಿರುವ ಸುಳಿವನ್ನೂ ಮರೆಮಾಡುತ್ತದೆ. ವಾಲ್ವ್‌ಗೆ ಹನಿಹನಿಯಾಗಿ ದ್ರವ ಬಿಡುವ ಲೂಬ್ರಿಕೇಟರ್‌ಗಳು ಮಾರುಕಟ್ಟೆಯಲ್ಲಿವೆ. ಒಂದನ್ನು ಹಾಕಿಸಿ ಎರಡು ವರ್ಷ ಬಳಸಿದೆ, ಸವೆತದ ವೇಗದಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಜವಾಗಿ ಫಲಕೊಟ್ಟದ್ದು ಬೇರೆ ಎರಡು ಕ್ರಮಗಳು. ಹೊರೆಯಲ್ಲಿ ಮಿಶ್ರಣ ತೆಳುವಾಗದಂತೆ ಟ್ಯೂನಿಂಗನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಂಡದ್ದು ಒಂದು. ಎಂಜಿನ್ ನಿಮಿಷಕ್ಕೆ 4,000 ಸುತ್ತು ದಾಟಿದಾಗ ಪೆಟ್ರೋಲನ್ನೂ ಸ್ವಲ್ಪ ಬೆರೆಸುವಂತೆ ಕಿಟ್‌ನ ಇಸಿಯುವಿನಲ್ಲಿ ಹೊಂದಿಸಿದ್ದು ಇನ್ನೊಂದು. ಕಿಟ್ ಹಾಕಿಸುವ ಮೊದಲೇ ನಿಮ್ಮ ಎಂಜಿನ್ ಮಾದರಿಯ ವಾಲ್ವ್ ಸೀಟುಗಳು ಅನಿಲಕ್ಕೆ ತಾಳಿಕೊಳ್ಳುತ್ತವೆಯೇ ಎಂದು ವಿಚಾರಿಸಿ. ಮೃದು ಸೀಟುಗಳೆಂದು ಹೆಸರಾದ ಎಂಜಿನ್‌ಗೆ, ಸದಾ ಹೊರೆ ಎಳೆಯುವ ಕೆಲಸವೂ ಇದ್ದರೆ, ಉಳಿತಾಯವನ್ನೆಲ್ಲ ಹೆಡ್ ರಿಪೇರಿಯೇ ನುಂಗಬಹುದು.

ಒಮ್ಮೆ ಗಾಡಿ ಹತ್ತು ನಿಮಿಷ ಓಡಿ ಅನಿಲ ಬಿಟ್ಟು ಪೆಟ್ರೋಲ್‌ಗೆ ಹೊರಳುವುದು, ಮತ್ತೆ ಅನಿಲಕ್ಕೆ ಬರುವುದು ಮಾಡತೊಡಗಿತು. ಬಾನೆಟ್ ಎತ್ತಿದರೆ, ಸುತ್ತಲೂ ಕೈಯಿಡಲಾಗದಷ್ಟು ಬಿಸಿಯಿದ್ದ ಎಂಜಿನ್ ಪಕ್ಕದಲ್ಲೇ ರೆಡ್ಯೂಸರ್ ಮಾತ್ರ ಫ್ರೀಜರಿನಿಂದ ತೆಗೆದಂತೆ ಬಿಳಿಯ ಮಂಜು ಕಟ್ಟಿಕೊಂಡು ಕೂತಿತ್ತು. ರೆಡ್ಯೂಸರ್‌ಗೆಂದು ಹೀಟರ್ ಪೈಪಿಗೆ ಹಾಕಿದ್ದ ಟಿ ಜಾಯಿಂಟಿನಲ್ಲಿ ಕೂಲಂಟ್ ಸೋರಿ ಮಟ್ಟ ಇಳಿದಿತ್ತು, ಅನಿಲ ಆವಿಯಾಗಲು ಬೇಕಾದ ಬಿಸಿ ಅಲ್ಲಿಗೆ ತಲುಪುತ್ತಿರಲಿಲ್ಲ. ಕ್ಲಾಂಪ್ ಬದಲಿಸಿ ಕೂಲಂಟ್ ತುಂಬಿದ ಮೇಲೆ ಸರಿಹೋಯಿತು. ಹೀಗೆ ಮಂಜು ಕಂಡರೆ ಅನಿಲದ ಭಾಗಗಳನ್ನು ಬಿಚ್ಚುವ ಮೊದಲು ಕೂಲಂಟ್ ಮಟ್ಟ ನೋಡಿ.

ಪೆಟ್ರೋಲ್ ಟ್ಯಾಂಕನ್ನು ಮರೆಯುವುದು ಈ ಗಾಡಿಗಳ ಮಾಲೀಕರ ಸಾಮಾನ್ಯ ತಪ್ಪು, ನಾನೂ ಮಾಡಿದ್ದೇನೆ. ಬಹಳಷ್ಟು ಗಾಡಿಗಳಲ್ಲಿ ಅನಿಲದಲ್ಲಿ ಓಡುವಾಗಲೂ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ತಿರುಗುತ್ತಲೇ ಇರುತ್ತದೆ, ಅದಕ್ಕೆ ತಂಪು ಸಿಗುವುದು ಸುತ್ತಲಿನ ಪೆಟ್ರೋಲ್‌ನಿಂದಲೇ. ತಳದಲ್ಲಿ ನಾಲ್ಕು ಲೀಟರ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸಿ ಒಂದು ಪಂಪ್ ಸುಟ್ಟುಕೊಂಡೆ. ಈಗ ಕಾಲು ಟ್ಯಾಂಕಿಗಿಂತ ಕೆಳಗಿಳಿಸುವುದಿಲ್ಲ. ಇಂಜೆಕ್ಟರ್‌ಗಳು ಕಟ್ಟಿಕೊಳ್ಳದಿರಲೆಂದು ತಿಂಗಳಿಗೊಮ್ಮೆ ಐವತ್ತು ಕಿಲೋಮೀಟರ್ ಪೆಟ್ರೋಲ್‌ನಲ್ಲೇ ಓಡಿಸುತ್ತೇನೆ.

ಉಳಿದ ನಿರ್ವಹಣೆ ದೊಡ್ಡದೇನಲ್ಲ. ದ್ರವದ ಫಿಲ್ಟರ್, ಆವಿಯ ಫಿಲ್ಟರ್ ಎರಡನ್ನೂ 15,000 ಕಿಲೋಮೀಟರಿಗೆ ಬದಲಿಸಬೇಕು. ಇದನ್ನು ಒಮ್ಮೆ ಮುಂದೂಡಿದ್ದಕ್ಕೆ ಒಂದು ಗ್ಯಾಸ್ ಇಂಜೆಕ್ಟರ್ ಎಣ್ಣೆಜಿಡ್ಡು ಹಿಡಿದು ಸಿಕ್ಕಿಕೊಂಡಿತು. ಎಂಜಿನ್ ಆಯಿಲ್ ಬದಲಿಸುವ ದಿನಕ್ಕೂ ಹೊಂಬಣ್ಣವನ್ನು ಪೂರ್ತಿ ಕಳೆದುಕೊಂಡಿರುವುದಿಲ್ಲ, ಹಾಗಂತ ನಾನು ಅವಧಿಯನ್ನು ಹಿಗ್ಗಿಸಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲೇರದೆ ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ಗಳಲ್ಲಿ ಈ ಗಾಡಿಗಳನ್ನು ಹಲವೆಡೆ ಬಿಡದಿರುವುದು ಆ ಕಾರಣಕ್ಕೆ. ತುಂಬಿಸಿ ನಳಿಕೆ ಬಿಡಿಸುವಾಗ ಬುಸ್ಸೆಂದು ಬರುವ ಒಂದಿಷ್ಟು ಬಿಳಿ ಆವಿ ಸಹಜ, ಆದರೆ ನಿಂತ ಗಾಡಿಯ ಬಳಿ ಬೆಳಿಗ್ಗೆ ವಾಸನೆ ಬಂದರೆ ಸಾಬೂನು ನೊರೆ ಹಚ್ಚಿ ಜಾಯಿಂಟುಗಳನ್ನು ಪರೀಕ್ಷಿಸದೆ ಗಾಡಿ ಶುರುಮಾಡಬಾರದು. ಟ್ಯಾಂಕಿಗೂ ಆಯುಷ್ಯವಿದೆ, ಕೆಲವು ದೇಶಗಳಲ್ಲಿ 10 ವರ್ಷಕ್ಕೆ ಬದಲಿಸುವ ನಿಯಮವಿರುವುದರಿಂದ ಅದರ ಮೇಲಿನ ಫಲಕದ ದಿನಾಂಕವನ್ನು ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಹಳೆಯ ಕಿಟ್ ಇರುವ ಪಿಕಪ್ ಕೊಳ್ಳುವವರಿಗಂತೂ ಇದು ಮೊದಲ ಕೆಲಸ.

ಕಳೆದ ತಿಂಗಳು ಮತ್ತೆ ಮುಚ್ಚಳ ಬಿಚ್ಚಿ ಅಳೆದೆ. ಎಂಟು ಎಕ್ಸಾಸ್ಟ್ ವಾಲ್ವ್‌ಗಳಲ್ಲಿ ಏಳರ ಗ್ಯಾಪ್ 0.28 ಅಥವಾ ಅದಕ್ಕಿಂತ ಹೆಚ್ಚು. ಮೂರನೆಯ ಸಿಲಿಂಡರಿನ ಅದೇ ವಾಲ್ವ್ ಮಾತ್ರ 0.24. ಅದನ್ನು 0.32ಕ್ಕೆ ಇಟ್ಟು ಮುಚ್ಚಿದ್ದೇನೆ, ಮುಂದಿನ ತಪಾಸಣೆಯನ್ನು 2,04,000ಕ್ಕೆ ಎಂದು ಮುಚ್ಚಳದ ಅಂಚಿನಲ್ಲೇ ಬರೆದಿಟ್ಟಿದ್ದೇನೆ.